ಹಳೆಯ ಅಗೆತದ ಯಂತ್ರಗಳಲ್ಲಿ ತೈಲ ಸೋರಿಕೆ: ಬಿಡಿಭಾಗ ದೊರೆಯದಾಗ ದುರಸ್ತಿಯ ಕ್ರಮ

ಮುಂಬಯಿಯ ಪೂರ್ವ ಉಪನಗರಗಳಲ್ಲಿ ಒಂದಾದ ಭಾಂಡುಪ್, ಪಶ್ಚಿಮದ ಗುಡ್ಡಸಾಲಿಗೂ ಪೂರ್ವದ ಉಪ್ಪಿನ ಗದ್ದೆಗಳಿಗೂ ನಡುವೆ ಹಬ್ಬಿಕೊಂಡಿದೆ. ಇಲ್ಲಿನ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗದ ಇಕ್ಕೆಲಗಳಲ್ಲಿ ದಶಕಗಳ ಕಾಲ ಬೃಹತ್ ಕಾರ್ಖಾನೆಗಳು ನಡೆದವು. ಅವುಗಳಲ್ಲಿ ಹಲವು ಮುಚ್ಚಿದ ತರುವಾಯವೂ ‘ಗಾಳಾ’ ಎಂದು ಕರೆಯಲಾಗುವ ಚಿಕ್ಕ ಮಳಿಗೆಗಳಲ್ಲಿ ಲೇತು, ವೆಲ್ಡಿಂಗ್ ಮತ್ತು ಯಂತ್ರ ದುರಸ್ತಿಯ ಕಸುಬು ಉಳಿದುಬಂದಿದೆ. ಮಳೆಗಾಲಕ್ಕೆ ಮುನ್ನ ಪ್ರತಿವರ್ಷ ನಾಲೆಗಳ ಹೂಳೆತ್ತುವ ಕಾರ್ಯ ನಡೆಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದ ಅನಂತರ ಈ ಕಾರ್ಯದ ಮಹತ್ವವನ್ನು ನಗರವಾಸಿಗಳಿಗೆ ಬೇರೆ ಹೇಳಬೇಕಾಗಿಲ್ಲ.

ನಾಲೆಗೆ ಇಳಿಯುವ ಅಗೆತದ ಯಂತ್ರಗಳೆಲ್ಲ ಹೊಸತಾಗಿರುವುದಿಲ್ಲ. ಒಂದೇ ಯಂತ್ರವನ್ನು ನಂಬಿ ಬಾಡಿಗೆಗೆ ದುಡಿಯುವ ಮಾಲೀಕನಿಗೆ ಇಪ್ಪತ್ತು ವರ್ಷದ ಯಂತ್ರವೂ ಅನ್ನದ ದಾರಿಯೇ. ಅಂತಹ ಯಂತ್ರದಲ್ಲಿ ತೈಲ ಸೋರತೊಡಗಿದಾಗ, ‘ಈ ಮಾಡೆಲ್‌ನ ಸಾಮಾನು ಈಗ ಬರುವುದಿಲ್ಲ’ ಎಂಬ ಅಂಗಡಿಯವನ ಉತ್ತರವೇ ಅನೇಕ ವೇಳೆ ಯಂತ್ರವನ್ನು ಗುಜರಿಗೆ ಕಳುಹಿಸುತ್ತದೆ. ವಾಸ್ತವದಲ್ಲಿ ಈ ಉತ್ತರ ಅರ್ಧ ಮಾತ್ರ ಸತ್ಯ. ಕಂಪನಿಯ ಹೆಸರಿನ ಭಾಗ ದೊರೆಯದೆ ಹೋಗಬಹುದು. ಆದರೆ ಸೋರಿಕೆಯನ್ನು ತಡೆಯುವ ವಸ್ತುವನ್ನು ಹೆಸರಿನಿಂದಲ್ಲ, ಅಳತೆಯಿಂದ ಹುಡುಕಬೇಕು.

ಹೆಸರುಗಳ ಕಥೆಯೂ ಸ್ವಾರಸ್ಯಕರವಾಗಿದೆ. ಸರಪಣಿ ಚಕ್ರದ ಅಗೆತದ ಯಂತ್ರವನ್ನು ಕರ್ನಾಟಕದ ಜನ ‘ಹಿಟಾಚಿ’ ಎಂದರೆ, ಮಹಾರಾಷ್ಟ್ರದ ಜನ ‘ಪೋಕ್ಲೇನ್’ ಎನ್ನುತ್ತಾರೆ. ಪೋಕ್ಲೇನ್ ಎಂಬುದು ಫ್ರಾನ್ಸ್ ದೇಶದ ಒಂದು ಸಂಸ್ಥೆ. ಭಾಂಡುಪಿನ ನೆರೆಯ ಪವಾಯಿಯಲ್ಲಿ ವಿಶಾಲ ಕಾರ್ಖಾನೆಯುಳ್ಳ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಯು 1970ರ ದಶಕದಲ್ಲಿ ಅದರ ಸಹಯೋಗದಿಂದ ಇಂತಹ ಯಂತ್ರಗಳನ್ನು ನಮ್ಮ ದೇಶದಲ್ಲಿ ತಯಾರಿಸತೊಡಗಿತು. ಮೂಲ ಸಂಸ್ಥೆಯ ಅಗೆತದ ಯಂತ್ರಗಳ ವಿಭಾಗ ಮುಂದೆ ಅಮೆರಿಕದ ಕೇಸ್ ಕಂಪನಿಯ ಕೈಸೇರಿತು. ಆ ಹೆಸರಿನ ಹೊಸ ಯಂತ್ರಗಳು ಬರುವುದು ನಿಂತುಹೋಯಿತು, ಹೆಸರು ಮಾತ್ರ ಜನರ ನಾಲಿಗೆಯ ಮೇಲೆ ಉಳಿಯಿತು.

ಸೋರಿಕೆಯ ಮೂಲವನ್ನು ಅರಿಯುವುದು

ಈ ಯಂತ್ರಗಳ ಬಲವೆಲ್ಲ ಒತ್ತಡಕ್ಕೊಳಗಾದ ತೈಲದಲ್ಲಿದೆ. 10 ಸೆಂಟಿಮೀಟರ್ ವ್ಯಾಸದ ಪಿಸ್ಟನ್ನಿನ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂ ಒತ್ತಡ ಬಿದ್ದರೆ ಸುಮಾರು ಹದಿನೈದೂವರೆ ಟನ್ನುಗಳ ಬಲ ಹೊಮ್ಮುತ್ತದೆ. ಇಷ್ಟು ಬಲವನ್ನು ಹಿಡಿದಿಡುವುದು ಬೆರಳ ದಪ್ಪವೂ ಇಲ್ಲದ ರಬ್ಬರಿನ ಅಥವಾ ಪಾಲಿಯುರಿಥೇನಿನ ಸೀಲು. ಕೊಳವೆ ಬಾವಿಯ ಕೈಪಂಪಿನಲ್ಲಿ ಚರ್ಮದ ವಾಷರ್ ಮಾಡುವ ಕೆಲಸವನ್ನೇ ಇಲ್ಲಿ ಸೀಲು ನೂರಾರು ಪಟ್ಟು ಒತ್ತಡದಲ್ಲಿ ಮಾಡುತ್ತದೆ. ಸೀಲುಗಳಲ್ಲಿ ಅತಿ ಸರಳವಾದ ಓ-ರಿಂಗಿಗೆ ಡೆನ್ಮಾರ್ಕ್ ಮೂಲದ ನೀಲ್ಸ್ ಕ್ರಿಸ್ಟೆನ್ಸನ್ ಎಂಬಾತ 1939ರಲ್ಲಿ ಅಮೆರಿಕದ ಪೇಟೆಂಟ್ ಪಡೆದನು.

ತೈಲ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವೆಂದು ಭಾವಿಸಬಾರದು. ತೈಲವು ಪೈಪಿನ ಗುಂಟ ಹರಿದು ಎಲ್ಲಿಯೋ ಕೆಳಗೆ ಬೀಳುತ್ತದೆ. ಆದುದರಿಂದ ಮೊದಲು ಯಂತ್ರವನ್ನು ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಸಂಶಯವಿರುವ ಭಾಗಗಳಿಗೆ ಸೀಮೆಸುಣ್ಣದ ಪುಡಿಯನ್ನು ಸವರಿ, ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ ನೋಡಬೇಕು. ಮೊದಲು ತೇವಗೊಂಡ ಎಡೆಯೇ ಮೂಲ. ಎತ್ತಿದ ಬೂಮ್ ಎಂಜಿನ್ ನಿಲ್ಲಿಸಿದ ಮೇಲೆ ತಾನಾಗಿ ಇಳಿಯುತ್ತಿದ್ದರೆ ಸೋರಿಕೆ ಒಳಗೇ ಇದೆಯೆಂದು ತಿಳಿಯಬೇಕು. ಅದು ಸಿಲಿಂಡರಿನ ಸೀಲಿನಿಂದಲೇ ಎಂದು ತೀರ್ಮಾನಿಸುವ ರೂಢಿ ಸರಿಯಲ್ಲ; ಕಂಟ್ರೋಲ್ ವಾಲ್ವಿನ ಸವೆತವೂ ಇದೇ ಲಕ್ಷಣವನ್ನು ತೋರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಒತ್ತಡದಲ್ಲಿರುವ ಪೈಪಿನ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ತೈಲ ಕಣ್ಣಿಗೆ ಕಾಣದಷ್ಟು ಸಣ್ಣದಾಗಿರುತ್ತದೆ, ಆದರೆ ಅದು ಚರ್ಮವನ್ನು ತೂರಿ ಒಳಹೋಗಬಲ್ಲದು. ಸೋರಿಕೆಯನ್ನು ಬೆರಳಿನಿಂದ ಹುಡುಕುವುದು ಅತ್ಯಂತ ಅಪಾಯಕರ. ಉದ್ದನೆಯ ರಟ್ಟಿನ ತುಂಡನ್ನು ಬಳಸಬೇಕು, ಕಣ್ಣಿಗೆ ಕನ್ನಡಕವಿರಬೇಕು. ತೈಲ ಒಳಹೊಕ್ಕ ಗಾಯ ಮೊದಲಿಗೆ ಮುಳ್ಳು ಚುಚ್ಚಿದಂತೆ ಮಾತ್ರ ತೋರುತ್ತದೆ, ನೋವೂ ಹೆಚ್ಚಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಬೆರಳನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದಾದುದರಿಂದ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕೂಡಲೇ ಹೋಗಿ, ‘ಯಂತ್ರದ ತೈಲ ಒತ್ತಡದಿಂದ ಒಳಹೊಕ್ಕಿದೆ’ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ದುರಸ್ತಿಗೆ ಮುನ್ನ ಬಕೆಟನ್ನು ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಎಲ್ಲ ಲಿವರುಗಳನ್ನು ಅತ್ತಿತ್ತ ಆಡಿಸಿ ಒಳಗಿನ ಒತ್ತಡವನ್ನು ಹೊರಬಿಡಬೇಕು. ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಬೇಕು.

ಅಳತೆಯೇ ಆಧಾರ

ಬಿಚ್ಚಿದ ಹಳೆಯ ಸೀಲನ್ನು ಅಂಗಡಿಗೆ ಒಯ್ದು ‘ಇಂತಹದೇ ಕೊಡಿ’ ಎನ್ನುವುದು ಸಾಮಾನ್ಯ ಪದ್ಧತಿ. ಆದರೆ ಹಳೆಯ ಸೀಲು ತೈಲದಲ್ಲಿ ಊದಿರುತ್ತದೆ ಅಥವಾ ಸವೆದಿರುತ್ತದೆ. ಅದರ ಅಳತೆಯನ್ನು ನಂಬಲಾಗದು. ಅಳೆಯಬೇಕಾದುದು ಲೋಹವನ್ನು. ರಾಡಿನ ವ್ಯಾಸ, ಸಿಲಿಂಡರಿನ ಒಳವ್ಯಾಸ, ಸೀಲು ಕೂರುವ ಗ್ರೂವಿನ ಆಳ ಮತ್ತು ಅಗಲ, ಇಷ್ಟನ್ನು ವರ್ನಿಯರಿನಿಂದ ತೆಗೆದುಕೊಂಡರೆ ಸೀಲು ತಾನಾಗಿ ಗೊತ್ತಾಗುತ್ತದೆ. ಬ್ರಿಟನ್ ಮತ್ತು ಅಮೆರಿಕ ಮೂಲದ ಹಳೆಯ ಯಂತ್ರಗಳಲ್ಲಿ ಇಂಚಿನ ಅಳತೆ, ಫ್ರಾನ್ಸ್ ಮತ್ತು ಜಪಾನ್ ಮೂಲದವುಗಳಲ್ಲಿ ಮಿಲಿಮೀಟರ್ ಬಳಕೆಯಲ್ಲಿದೆ. ಎರಡು ಇಂಚಿನ ರಾಡ್ 50.8 ಮಿಲಿಮೀಟರ್. 50 ಮಿಲಿಮೀಟರಿನ ಸೀಲು ಅದಕ್ಕೆ ಹೇಗೋ ತೂರಿಕೊಳ್ಳುತ್ತದೆ. ಆದರೆ ಬಿಗಿಯಾಗಿ ಉಜ್ಜಿ ಬೇಗನೆ ಸುಟ್ಟುಹೋಗುತ್ತದೆ. ಮುಕ್ಕಾಲು ಮಿಲಿಮೀಟರಿನ ಈ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ. ಪೈಪಿನ ಜೋಡಣೆಗಳಲ್ಲಿಯೂ ಇದೇ ತೊಡಕು. ಫ್ರೆಂಚ್ ಪದ್ಧತಿಯ ಒಂದು ಮಾಲಿಕೆಯಲ್ಲಿ ಕೊಳವೆಯ ಹೊರವ್ಯಾಸ 13.25, 16.75 ಮಿಲಿಮೀಟರ್ ಹೀಗೆ ಇರುತ್ತದೆ. ಇತರ ಪದ್ಧತಿಯ ನಟ್ಟನ್ನು ಬಲವಂತವಾಗಿ ತಿರುಗಿಸಿದರೆ ಎರಡೂ ಕೆಡುತ್ತವೆ.

ಅಳತೆ ಕೈಯಲ್ಲಿದ್ದರೆ ಮಸೀದಿ ಬಂದರಿನ ನಾಗದೇವಿ ಬೀದಿಯಂತಹ ಮಾರುಕಟ್ಟೆಯಲ್ಲಿ ಬಹುಪಾಲು ಸೀಲುಗಳು ದೊರೆಯುತ್ತವೆ. ದೊರೆಯದಿದ್ದವನ್ನು ಪಾಲಿಯುರಿಥೇನಿನ ಕೊಳವೆಯಿಂದ ಲೇತಿನಲ್ಲಿ ಕಡೆಸಿಕೊಳ್ಳಬಹುದು. ಹೋಸ್ ಪೈಪಿಗೆ ಕಂಪನಿಯ ಹೆಸರೇ ಬೇಡ: ಒಳವ್ಯಾಸ, ಉದ್ದ, ತಾಳುವ ಒತ್ತಡ ಮತ್ತು ಎರಡು ತುದಿಗಳ ತಿರುಪಿನ ಬಗೆ ತಿಳಿದರೆ ಕ್ರಿಂಪಿಂಗ್ ಯಂತ್ರವಿರುವ ಅಂಗಡಿಯಲ್ಲಿ ಅಲ್ಲಿಯೇ ತಯಾರಿಸಿ ಕೊಡುತ್ತಾರೆ. ಹೋಸಿನ ಮೇಲೆ ಉದ್ದಕ್ಕೂ ಮುದ್ರಿಸಿರುವ ಗೆರೆ ಜೋಡಿಸಿದ ಮೇಲೆ ತಿರುಚಿಕೊಂಡಿರಬಾರದು.

ಲಾರಿ ಟ್ಯೂಬನ್ನು ಕತ್ತರಿಸಿ ಓ-ರಿಂಗಿನ ಜಾಗಕ್ಕೆ ಹಾಕುವವರಿದ್ದಾರೆ. ಟ್ಯೂಬಿನ ರಬ್ಬರು ಖನಿಜ ತೈಲದಲ್ಲಿ ಊದಿ ಮೆತ್ತಗಾಗುತ್ತದೆ. ಇಲ್ಲಿಗೆ ಬೇಕಾದುದು ನೈಟ್ರೈಲ್ ರಬ್ಬರು. ಶಂಕುವಿನಾಕಾರದ ಜೋಡಣೆಗಳಿಗೆ ಟೆಫ್ಲಾನ್ ಟೇಪು ಸುತ್ತುವುದೂ ತಪ್ಪು, ಏಕೆಂದರೆ ಅದರ ಚೂರುಗಳು ವಾಲ್ವನ್ನು ಸೇರಿ ಹೊಸ ತೊಂದರೆಯನ್ನು ತರುತ್ತವೆ. ಇಂತಹ ಕ್ರಮಗಳನ್ನು ಉಳಿತಾಯವೆಂದು ಕರೆಯಲಾಗದು.

ಹೊಸ ಸೀಲು ಹಾಕಿದ ವಾರದಲ್ಲೇ ಮತ್ತೆ ಸೋರಿದರೆ ದೋಷ ಸೀಲಿನಲ್ಲಿಲ್ಲ. ಕಡಲ ಸಮೀಪದ ಉಪ್ಪುಗಾಳಿ ರಾಡಿನ ಮೇಲಣ ಕ್ರೋಮ್ ಲೇಪವನ್ನು ತಿಂದು ಸಣ್ಣ ಗುಳಿಗಳನ್ನು ಮಾಡುತ್ತದೆ; ಆ ಗುಳಿಗಳ ಅಂಚು ಸೀಲನ್ನು ಅರದಂತೆ ಕೊರೆಯುತ್ತದೆ. ಉಗುರಿಗೆ ತಡೆಯುವ ಗೀರಿದ್ದರೆ ರಾಡನ್ನು ಮತ್ತೆ ಲೇಪ ಮಾಡಿಸಬೇಕು, ಇಲ್ಲವೆ ಮಾರುಕಟ್ಟೆಯಲ್ಲಿ ಅಳತೆಗೆ ದೊರೆಯುವ ಕ್ರೋಮ್ ಲೇಪಿತ ಸರಳಿನಿಂದ ಹೊಸ ರಾಡ್ ಮಾಡಿಸಬೇಕು. ರಾಡ್ ಬಾಗಿದೆಯೇ, ಗ್ಲಾಂಡಿನ ಬುಶ್ ಸವೆದಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಕೆಲಸವಿಲ್ಲದೆ ನಿಲ್ಲುವ ಯಂತ್ರದ ರಾಡುಗಳನ್ನು ಆದಷ್ಟೂ ಒಳಗೆಳೆದು ನಿಲ್ಲಿಸಿ, ಹೊರಗುಳಿದ ಭಾಗಕ್ಕೆ ಗ್ರೀಸು ಸವರಬೇಕು.

ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ಎಂಟು ಗಂಟೆಗಳ ದುಡಿಮೆಯಲ್ಲಿ ಸುಮಾರು ಒಂದೂವರೆ ಲೀಟರ್ ತೈಲ ನಷ್ಟವಾಗುತ್ತದೆ. ನಾಲೆಯಲ್ಲಿ ಬಿದ್ದ ಆ ತೈಲ ಭಾಂಡುಪಿನ ಪೂರ್ವಕ್ಕಿರುವ ಥಾಣೆ ಖಾಡಿಯನ್ನು ಸೇರುತ್ತದೆ. ರಾಜಹಂಸಗಳಿಗಾಗಿ 2015ರಲ್ಲಿ ಅಭಯಾರಣ್ಯವೆಂದು ಘೋಷಿಸಲಾದ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜಲಪ್ರದೇಶವಿದು. ಬಿಚ್ಚುವಾಗ ಸುರಿಯುವ ತೈಲವನ್ನು ತಟ್ಟೆಯಲ್ಲಿ ಹಿಡಿದು ಮುಚ್ಚಿದ ಡಬ್ಬದಲ್ಲಿ ಇಡಬೇಕು. ಬಳಸಿದ ತೈಲ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಒಳಪಟ್ಟಿದ್ದು, ಅದನ್ನು ಅಧಿಕೃತ ಪುನರ್ಬಳಕೆದಾರರಿಗೆ ಮಾತ್ರ ಕೊಡತಕ್ಕದ್ದು.

ಜೋಡಣೆ ಮುಗಿದ ಬಳಿಕ ಎಂಜಿನನ್ನು ನಿಧಾನ ವೇಗದಲ್ಲಿಟ್ಟು, ಸಿಲಿಂಡರನ್ನು ಭಾರವಿಲ್ಲದೆ ಹಲವು ಬಾರಿ ಪೂರ್ತಿ ಆಡಿಸಿ ಒಳಗಿನ ಗಾಳಿಯನ್ನು ಹೊರಹಾಕಬೇಕು. ತೈಲದ ಮಟ್ಟವನ್ನು ಮತ್ತೆ ನೋಡಬೇಕು. ತೆಗೆದುಕೊಂಡ ಅಳತೆಗಳನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದು ಯಂತ್ರದ ಕ್ಯಾಬಿನ್ನಿನಲ್ಲಿಯೇ ಇರಿಸತಕ್ಕದ್ದು.