ಮಾಳಿಗೆಯ ಗಿಡ್ಡಗೋಡೆಯೂ ಐದನೆಯ ಆಜ್ಞೆಯೂ



ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗಿಡ್ಡಗೋಡೆ ಕಟ್ಟಲೇಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ (ಧರ್ಮೋಪದೇಶಕಾಂಡ 22:8). ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ದೋಷ ಮನೆಯವರದು. ಬೀಳುವವನು ಅತಿಥಿಯಾಗಿರಬಹುದು, ಕೂಲಿಯಾಳಾಗಿರಬಹುದು, ನೆರೆಮನೆಯ ಮಗುವಾಗಿರಬಹುದು.

"ನಮ್ಮ ಮನೆ, ನಮ್ಮ ಹಣ, ಮೇಲೆ ಎರಡು ಕೋಣೆ ಹಾಕಲು ಯಾರ ಅಪ್ಪಣೆ ಬೇಕು?" ಎನ್ನುವವರುಂಟು. ಆದರೆ ಒಂದು ಅಂತಸ್ತಿಗೆಂದು ಹಾಕಿದ ಪಾಯ ಮೂರು ಅಂತಸ್ತಿನ ಭಾರ ಹೊರುವುದೇ? ಹಾಲ್ ದೊಡ್ಡದಾಗಲೆಂದು ಒಡೆಯುವ ನಡುಗೋಡೆಯೇ ಛಾವಣಿಯನ್ನು ಹೊತ್ತಿದ್ದರೆ? ಸುತ್ತಲೂ ಬಿಡಬೇಕಾದ ಜಾಗವನ್ನು ಮುಚ್ಚಿದರೆ ಪಕ್ಕದವರ ಗಾಳಿ, ಬೆಳಕಿನ ಗತಿಯೇನು? ಗೋಡೆ ಏಳುವ ಮುನ್ನವೇ ಈ ಪ್ರಶ್ನೆಗಳನ್ನು ಕೇಳಲೆಂದೇ ನಕ್ಷೆಗೆ ಮಂಜೂರಾತಿ ಬೇಕು. ಕೈ ಬೆಚ್ಚಗೆ ಮಾಡಿ ತಂದ ಕಾಗದ ಪಾಯವನ್ನು ಗಟ್ಟಿ ಮಾಡದು.

2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿಯಮ ಮೀರಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 9 ಮಂದಿ ಸತ್ತರು. ಹೊಟ್ಟೆಪಾಡಿಗಾಗಿ ಅಲ್ಲಿ ದುಡಿಯುತ್ತಿದ್ದವರು ಅವರು.

ಆದುದರಿಂದ ಮೇಸ್ತ್ರಿಯ ಧೈರ್ಯದ ಮಾತನ್ನೇ ನಂಬಬೇಡಿ. ಮಹಡಿ ಏರಿಸುವ, ಗೋಡೆ ಒಡೆಯುವ ಮುನ್ನ ಇಂಜಿನಿಯರರಿಗೆ ತೋರಿಸಿ. ನಗರ, ಪಟ್ಟಣಗಳಲ್ಲಿ ಪಾಲಿಕೆ ಅಥವಾ ಪುರಸಭೆಯಿಂದ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯಿಂದ ಅನುಮತಿ ಪಡೆಯಿರಿ. ಅನುಮತಿಯಿಲ್ಲದೆ ಈಗಾಗಲೇ ಕಟ್ಟಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಿ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದು, ಅಪಾಯ ಗೊತ್ತಿದ್ದೂ ಬಾಡಿಗೆಗೆ ಕೊಡುವುದು ಬರೀ ಕಾನೂನಿನ ಮಾತಲ್ಲ, ಕೊಲೆ ಮಾಡಬಾರದೆಂಬ ಐದನೆಯ ಆಜ್ಞೆಯ ಮಾತು.

ಮನೆಮಂದಿ ಕೂಡಿ ಆಲೋಚಿಸಿ:
1. ನಮ್ಮ ಛಾವಣಿಯಡಿ ನಾವಲ್ಲದೆ ಬೇರೆ ಯಾರೆಲ್ಲ ಮಲಗುತ್ತಾರೆ?
2. ಅವರಿಗಾಗಿ ನಾವು ಕಟ್ಟಬೇಕಾದ ಗಿಡ್ಡಗೋಡೆ ಯಾವುದು?