ರಸದ ಕೆಲಸ, ಕಡ್ಡಿಯ ಕೆಲಸ

ತಾಯಿ, ಅನಂತಪುರದ ಕಾಲೇಜಿನಿಂದ ನೀನು ಕಳಿಸಿದ ಫೋಟೋ ನೋಡಿದೆ. ಗಾಜಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದಿದ್ದರೂ ನಮ್ಮ ಕುಂದುರ್ಪಿ ಹೊಲದ ಬದುವಿನ ಬೇವಿನ ರಸ ಬಿಟ್ಟ ಕಡೆ ಮಾತ್ರ ದುಂಡಗೆ ಬಯಲಾಗಿತ್ತು. ನನಗೆ ಹಿಗ್ಗಾಯಿತು. ಚಿಕ್ಕಂದಿನಿಂದ ಜಗಿದ ಕಹಿಗೆ ಸಾಕ್ಷಿ ಸಿಕ್ಕಿತಲ್ಲ! ಆದರೆ ಬೇವು ಹುಳುಕು ಹಲ್ಲನ್ನು ವಾಸಿ ಮಾಡುತ್ತದೆ ಎಂದು ಊರಿಗೆಲ್ಲ ಹೇಳಿಬಿಡಬೇಡ.

ತಟ್ಟೆಯಲ್ಲಿ ರಸ ರಾತ್ರಿಯೆಲ್ಲ ನಿಂತಿರುತ್ತದೆ. ಬಾಯಲ್ಲಾದರೆ ಎಂಜಲು ಅದನ್ನು ಬೇಗನೆ ತೊಳೆದುಬಿಡುತ್ತದೆ. 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಹುಳುಕು ಹಲ್ಲಿನಿಂದ ಬೇರ್ಪಡಿಸಿ ಹೆಸರಿಟ್ಟ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಎಂಬ ಬ್ಯಾಕ್ಟೀರಿಯಾ ಬಾಯಲ್ಲಿ ಒಂಟಿಯಾಗಿ ಇರುವುದಿಲ್ಲ. ನಾವು ತಿಂದ ಸಕ್ಕರೆಯಿಂದಲೇ ಅಂಟು ಮಾಡಿಕೊಂಡು, ಪದರ ಕಟ್ಟಿ, ಅದರೊಳಗೆ ಕೂತು ಹಲ್ಲನ್ನು ಕರಗಿಸುವ ಆಮ್ಲ ಬಿಡುತ್ತದೆ. ಬಾವಿಯ ಮೆಟ್ಟಿಲಿನ ಪಾಚಿ ಮೇಲಿಂದ ನೀರು ಸುರಿದರೆ ಹೋಗುತ್ತದೆಯೇ? ತಿಕ್ಕಬೇಕು. ಬೇವಿನ ಕಡ್ಡಿಯ ಹಿರಿಮೆ ಇರುವುದು ಅಲ್ಲಿ. ಕಿರುಬೆರಳು ದಪ್ಪದ ಎಳೆ ಕಡ್ಡಿ ಮುರಿದು, ತುದಿ ಕುಂಚದ ಹಾಗೆ ಬಿಚ್ಚಿಕೊಳ್ಳುವ ತನಕ ಜಗಿದು, ಒಂದೊಂದೇ ಹಲ್ಲನ್ನು ವಸಡಿನಿಂದ ಆಚೆಗೆ ಮೆಲ್ಲಗೆ ಉಜ್ಜುತ್ತಿದ್ದೆವು. ಕೊನೆಗೆ ಅದನ್ನೇ ಸೀಳಿ ನಾಲಿಗೆ ಹೆರೆದುಕೊಳ್ಳುತ್ತಿದ್ದೆವು. ತಿಕ್ಕುವ ಕೆಲಸ ಕಡ್ಡಿಯದು, ರಸ ಅದಕ್ಕೆ ಜೊತೆಗಾರ. ರಾತ್ರಿ ಮಲಗುವ ಮುಂಚೆ ಬ್ರಷ್ಷು, ಪೇಸ್ಟು ಬಿಡಬೇಡ. ಸಣ್ಣ ಮಕ್ಕಳು ಪೇಸ್ಟು ನುಂಗದಂತೆ ಮಾತ್ರ ನೋಡಿಕೊಳ್ಳಬೇಕು.

ನಿನ್ನ ಮುಂದಿನ ಹಲ್ಲಿನ ಕಂದು ಕಲೆಗೆ ನೀನು ಫೋಟೋಗಳಲ್ಲಿ ಬಾಯಿ ಮುಚ್ಚಿಕೊಳ್ಳುವುದನ್ನು ಗಮನಿಸಿದ್ದೇನೆ. ಅದು ಕೊಳೆಯಲ್ಲ, ತಾಯಿ, ನಿನ್ನ ಸೋಮಾರಿತನವೂ ಅಲ್ಲ. ನಮ್ಮ ಜಿಲ್ಲೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿದ್ದಾಗಲೇ ಆ ನೀರು ಇಟ್ಟ ಗುರುತು ಅದು. ಬೇವಿನಿಂದ ಹೋಗದು. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಹಲ್ಲಿನ ಹೊಳಪೇ ಸವೆದೀತು. ಕಾಯಿಸಿದರೆ ನೀರಿನ ಫ್ಲೋರೈಡ್ ಹೋಗುವುದಿಲ್ಲ, ಇದನ್ನು ನಿನ್ನ ಅಮ್ಮನಿಗೂ ಹೇಳು. ನಿನ್ನ ತಮ್ಮನಿಗೆ ಶುದ್ಧೀಕರಿಸಿದ ನೀರನ್ನೇ ಕುಡಿಸಲಿ.

ಹಲ್ಲುನೋವಿಗೆ ಲವಂಗ ಇಟ್ಟುಕೊಳ್ಳುವ ವಿಷಯ ನನ್ನ ಅನುಭವದಿಂದಲೇ ಹೇಳುತ್ತೇನೆ. ಅದರ ಎಣ್ಣೆಯಲ್ಲಿ ಬಹುಪಾಲು ಯೂಜಿನಾಲ್. ನೋವನ್ನು ಮರಗಟ್ಟಿಸುತ್ತದೆ. ದವಡೆ ಹಲ್ಲು ತೂತಾದಾಗ ಒಂದು ಬೇಸಿಗೆ ಪೂರ್ತಿ ಲವಂಗ ಕಚ್ಚಿಕೊಂಡೇ ಕಳೆದೆ. ನೋವು ಸುಮ್ಮನಾಯಿತು, ತೂತು ಸುಮ್ಮನಿರಲಿಲ್ಲ. ಕೀಳಿಸುವ ಹೊತ್ತಿಗೆ ಪಕ್ಕದ ಹಲ್ಲೂ ಹೋಗಿತ್ತು. ಇವತ್ತಿಗೂ ಆ ಕಡೆ ಕಡ್ಲೆಕಾಯಿ ಅಗಿಯಲಾರೆ. ಆದ್ದರಿಂದ ಲವಂಗ ಒಂದು ರಾತ್ರಿಗಷ್ಟೇ, ಬೆಳಗಾದರೆ ಡಾಕ್ಟರು.

ಯುಗಾದಿಗೆ ಬಂದಾಗ ನಿನ್ನ ತಮ್ಮನನ್ನು ಬೆಳಕಿಗೆ ಕೂರಿಸಿ ಬಾಯಿ ತೆರೆಸು. ಎಲ್ಲಕ್ಕಿಂತ ಹಿಂದೆ ಈಗಷ್ಟೇ ಹೊರಬಂದಿರುವ ಅಗಲದ ಹಲ್ಲಿನ ಗೆರೆಗಳನ್ನು ನೋಡು. ಹಾಲುಹಲ್ಲು ಎಂದುಕೊಂಡು ಎಲ್ಲರೂ ಸುಮ್ಮನಿದ್ದಾರೆ. ಆರನೆಯ ವರ್ಷದಲ್ಲಿ ಬರುವ ಆ ಹಲ್ಲು ಹೋದರೆ ಮತ್ತೆ ಹುಟ್ಟುವುದಿಲ್ಲ.