ಎರಡನೇ ಕೀಲಿಕೈ ಯಾರ ಹತ್ತಿರ?

2025ರ ಮೇ ತಿಂಗಳಲ್ಲಿ ಬಸವನಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕೆ.ಜಿ. ಬಂಗಾರ ಕಳುವಾಯಿತು. ಪೊಲೀಸರು ಬಂಧಿಸಿದವರಲ್ಲಿ ಆ ಶಾಖೆಯ ಹಿಂದಿನ ವ್ಯವಸ್ಥಾಪಕರೂ ಇದ್ದರು. ಅಲ್ಲಿದ್ದಾಗಲೇ ನಕಲಿ ಕೀಲಿಕೈ ಮಾಡಿಸಿಕೊಂಡು, ವರ್ಗವಾಗುವವರೆಗೆ ಕಾದರು ಎಂಬುದು ಪೊಲೀಸರ ಮಾತು. ಅದೇ ತಾಲ್ಲೂಕಿನ ಇಂಗಳೇಶ್ವರದಲ್ಲಿ ಪಂಚಾಯಿತಿ, ಸಹಕಾರ ಸಂಘ, ಅಂಗಡಿಗಳ ಕಂಪ್ಯೂಟರ್ ಮುಂದೆ ಕೂರುವವರಿಗೆ ಇದು ದೂರದ ಸುದ್ದಿಯಲ್ಲ. ಪಾಸ್‌ವರ್ಡ್ ನಕಲು ಮಾಡಲು ಕಮ್ಮಾರನೂ ಬೇಕಿಲ್ಲ. ಅದಕ್ಕೇ ಲಾಗಿನ್‌ಗೆ ಎರಡನೇ ಕೀಲಿಕೈಯೂ ಬೇಕು.

1. ಬೇರೆ ಬೇರೆ ಬಗೆಯ ಎರಡು ಗುರುತು ಇಡಿ. ಒಂದು ನಿಮಗಷ್ಟೇ ಗೊತ್ತಿರುವ ಪಾಸ್‌ವರ್ಡ್. ಇನ್ನೊಂದು ನಿಮ್ಮ ಕೈಲಿರುವ ಮೊಬೈಲ್, ಡಿಜಿಟಲ್ ಸಹಿಯ ಡಾಂಗಲ್ ಅಥವಾ ನಿಮ್ಮದೇ ಬೆರಳಚ್ಚು. ಎರಡು ಪಾಸ್‌ವರ್ಡ್ ಇಟ್ಟರೆ ಎರಡು ಹಂತದ ಲಾಗಿನ್ ಆಗುವುದಿಲ್ಲ. ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ: ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಪಹಣಿಯನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆಯಲ್ಲೇ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗಬೇಕಿತ್ತು. ದಾಖಲೆ ತಿದ್ದಿದವರು 'ನಾನಲ್ಲ' ಎನ್ನುವಂತಿರಲಿಲ್ಲ.

2. ಇಮೇಲ್‌ನಿಂದ ಶುರು ಮಾಡಿ. ಮರೆತ ಪಾಸ್‌ವರ್ಡ್‌ಗಳೆಲ್ಲ ಹೊಸದಾಗಿ ಹುಟ್ಟುವುದು ಅಲ್ಲೇ. ಆಮೇಲೆ ಬ್ಯಾಂಕ್, ಆಮೇಲೆ ತೆರಿಗೆ. ಇ-ವೇ ಬಿಲ್‌ಗಂತೂ 2025ರ ಏಪ್ರಿಲ್ 1ರಿಂದ ಎಲ್ಲ ವ್ಯಾಪಾರಿಗಳಿಗೂ ಎರಡು ಹಂತದ ಲಾಗಿನ್ ಕಡ್ಡಾಯ.

3. ಡಾಂಗಲ್ ಅದರ ಒಡೆಯರ ಹತ್ತಿರವೇ ಇರಲಿ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು. ಪಂಚಾಯಿತಿ ಹಣ ಪಾವತಿಗೆ ಪಿಡಿಒ, ಅಧ್ಯಕ್ಷರು ಇಬ್ಬರೂ ಒಪ್ಪಬೇಕೆಂದು ನಿಯಮ ಮಾಡಿರುವುದು ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರಲಿ ಎಂದೇ. ಎರಡೂ ಡಾಂಗಲ್ ಆಪರೇಟರನ ಡ್ರಾವರಿನಲ್ಲಿದ್ದು, ಪಿನ್ ಬರೆದ ಚೀಟಿ ಪಕ್ಕದಲ್ಲೇ ಇದ್ದರೆ ನಿಯಮ ಕಾಗದದ ಮೇಲಷ್ಟೇ ಉಳಿಯಿತು. ಅಧ್ಯಕ್ಷರಾಗಿರುವ ಅಕ್ಕಂದಿರಿಗೆ ಒಂದು ಮಾತು: ಗಂಡನಾಗಲಿ ಮೈದುನನಾಗಲಿ ಕೇಳಿದರೂ ಕೊಡಬೇಡಿ. ಆ ಸಹಿಗೆ ಉತ್ತರ ಹೇಳಬೇಕಾದವರು ನೀವು. ಯಾವ ಬಿಲ್, ಎಷ್ಟು ಮೊತ್ತ, ಯಾರ ಖಾತೆಗೆ ಎಂದು ಓದಿಸಿಕೊಂಡೇ ಒಪ್ಪಿಗೆ ಕೊಡಿ, ತಡವಾದರೆ ಆಗಲಿ.

4. ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಬಳಸಿ, ಸೌಲಭ್ಯ ಇದ್ದಲ್ಲೆಲ್ಲ. ಕರೆಂಟ್ ಹೋಗಿ ಟವರ್ ಸತ್ತಾಗ ಓಟಿಪಿ ಬರುವುದಿಲ್ಲ. ಆ್ಯಪ್‌ಗೆ ನೆಟ್‌ವರ್ಕ್ ಬೇಡ. ಮೊದಲೇ ಇಟ್ಟುಕೊಂಡ ಗುಟ್ಟಿನ ಸಂಖ್ಯೆ ಮತ್ತು ಆ ಹೊತ್ತಿನ ಸಮಯ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಅಂಕಿ ತಾನೇ ಲೆಕ್ಕ ಹಾಕುತ್ತದೆ. ಮೊಬೈಲಿನ ಗಡಿಯಾರ ಸರಿಯಿದ್ದರೆ ಸಾಕು. ನಿಮ್ಮ ನಂಬರಿಗೆ ಬೇರೊಬ್ಬ ನಕಲಿ ಸಿಮ್ ಪಡೆದರೂ ಈ ಅಂಕಿ ಅವನಿಗೆ ಸಿಗದು.

5. "ಸರ, ಬ್ಯಾಂಕಿನಿಂದ ಮಾತಾಡಾಕತ್ತೀನ್ರಿ, ಓಟಿಪಿ ಬಂದೈತಿ ನೋಡ್ರಿ, ಅಷ್ಟ ಹೇಳಿಬಿಡ್ರಿ" ಅಂದರೆ ಫೋನ್ ಇಡಿ. ದನಿ ಎಷ್ಟೇ ನಮ್ಮೂರದಾಗಿರಲಿ. ನೀವು ಲಾಗಿನ್ ಆಗದೆಯೇ ಒಪ್ಪಿಗೆ ಕೇಳುವ ಸಂದೇಶ ಬಂದರೆ 'ಇಲ್ಲ' ಒತ್ತಿ, ಕೂಡಲೇ ಪಾಸ್‌ವರ್ಡ್ ಬದಲಿಸಿ. 2022ರಲ್ಲಿ ಊಬರ್ ಕಂಪನಿಯ ಗುತ್ತಿಗೆ ನೌಕರನೊಬ್ಬನಿಗೆ ಇಂಥ ಕೋರಿಕೆ ಮೇಲಿಂದ ಮೇಲೆ ಬಂದವು. ಕೊನೆಗೆ ಆತ ಒಂದಕ್ಕೆ ಹೂಂ ಅಂದ, ಕಳ್ಳರು ಒಳಹೊಕ್ಕರು.

6. ವರ್ಗವಾದವರ ಖಾತೆಯನ್ನು ಅಂದೇ ಮುಚ್ಚಿ. ಬೀಳ್ಕೊಡುಗೆಯ ಶಾಲು ಹೊದಿಸುವ ಮೊದಲೇ ಡಾಂಗಲ್ ರದ್ದಾಗಲಿ, ಓಟಿಪಿ ಹೋಗುವ ಮೊಬೈಲ್ ನಂಬರ್ ಬದಲಾಗಲಿ. ಹೋಗುವವರು ಎಷ್ಟೇ ಒಳ್ಳೆಯವರಿರಲಿ, ಇದು ಅನುಮಾನದ ಮಾತಲ್ಲ. ನಾಳೆ ಏನಾದರೂ ಆದರೆ ಅವರ ಹೆಸರಿಗೆ ಮಸಿ ಹತ್ತದಂತೆ ಕಾಯುವುದೂ ಇದೇ.

7. ಮೊಬೈಲ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ, ತಿಜೋರಿಯಲ್ಲಿಡಿ. ಹಣ ಹೋಗಿದೆ ಎಂದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೇಲಿನವರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಕೂತ ಅರ್ಧ ಗಂಟೆಯಲ್ಲಿ ಆ ದುಡ್ಡು ಹತ್ತು ಖಾತೆ ದಾಟಿರಬಹುದು. ಆಮೇಲೆ ವಿಜಯಪುರದ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ದೂರು ಕೊಡಿ.